ಕಂಪ್ಯೂಟರ್ ವಾದ್ಯಗಳ ಧ್ವನಿಮಾದರಿಗಳನ್ನು ಮುಕ್ತ ರೂಪಕ್ಕೆ ತರುವ ಬಗೆ

ಚಲನಚಿತ್ರದ ಹಿನ್ನೆಲೆಯಲ್ಲಾಗಲಿ, ಭಾವಗೀತೆಯ ಧ್ವನಿಮುದ್ರಣದಲ್ಲಾಗಲಿ, ರಂಗಭೂಮಿಯ ಸಂಗೀತದಲ್ಲಾಗಲಿ ಇಂದು ನಮ್ಮ ಕಿವಿಗೆ ಬೀಳುವ ಪಿಟೀಲು, ಕೊಳಲು, ಪಿಯಾನೋಗಳೆಲ್ಲವೂ ಆಯಾ ಸಂದರ್ಭಕ್ಕೆಂದು ಕಲಾವಿದರು ನುಡಿಸಿದುವಲ್ಲ. ಎಲ್ಲಿಯೋ ಎಂದೋ ಒಬ್ಬ ವಾದಕನು ಒಂದೊಂದೇ ಸ್ವರವನ್ನು ನುಡಿಸಿರುತ್ತಾನೆ. ಆ ಸ್ವರಗಳನ್ನು ಬಿಡಿಬಿಡಿಯಾಗಿ ಮುದ್ರಿಸಿಕೊಂಡು ಕಂಪ್ಯೂಟರಿನಲ್ಲಿ ಕೂಡಿಸಿ ಇಟ್ಟಿರುತ್ತಾರೆ. ಸಂಯೋಜಕನು ಕೀಬೋರ್ಡಿನ ಮನೆಯೊಂದನ್ನು ಒತ್ತಿದೊಡನೆ ಅದಕ್ಕೆ ತಕ್ಕ ಸ್ವರವು ಹೊರಡುತ್ತದೆ. ಹೀಗೆ ಮುದ್ರಿತವಾದ ಬಿಡಿ ಸ್ವರಕ್ಕೆ ಸ್ಯಾಂಪಲ್ ಎಂದು ಹೆಸರು. ಈ ಲೇಖನದಲ್ಲಿ ನಾವು ಅದನ್ನು ಧ್ವನಿಮಾದರಿ ಎಂದು ಕರೆಯುತ್ತೇವೆ. ಇಂಥ ಮಾದರಿಗಳನ್ನು ನುಡಿಸುವ ಯಂತ್ರವೋ ಸಾಫ್ಟ್‌ವೇರೋ ಸ್ಯಾಂಪ್ಲರ್ ಎನಿಸಿಕೊಳ್ಳುತ್ತದೆ.

ಇತಿಹಾಸ ವಿಭಾಗದವರಿಗೆ ಈ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳ ಸಂಗೀತಕ್ಕೆ ಆಕರ ಸಾಮಗ್ರಿ ಯಾವುದು ಎಂಬುದೇ ಅದಕ್ಕೆ ಉತ್ತರ. ಮುಗಿದ ಹಾಡಿನ ಧ್ವನಿಸುರುಳಿ ಒಂದು ಆಕರವಾದರೆ, ಆ ಹಾಡನ್ನು ಕಟ್ಟಿದ ವಾದ್ಯವು ಇನ್ನೊಂದು. ಆದರೆ ಈ ವಾದ್ಯವು ಮರದಿಂದಾಗಲಿ ತಂತಿಯಿಂದಾಗಲಿ ಆದುದಲ್ಲ; ಅದು ಒಂದು ಫೈಲು. ಆ ಫೈಲನ್ನು ಓದುವ ಕ್ರಮ ಅದನ್ನು ಹೊರಡಿಸಿದ ಕಂಪೆನಿಗೆ ಮಾತ್ರ ಗೊತ್ತಿರುತ್ತದೆ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಬಂದಾಗ, ಅದು ಗ್ರಂಥಲಿಪಿಯಲ್ಲಿತ್ತು; 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ತಿಳಿಯಿತು. ಗ್ರಂಥಲಿಪಿಯು ಯಾರೊಬ್ಬರ ಸೊತ್ತೂ ಆಗಿರಲಿಲ್ಲ, ಬಲ್ಲವರು ಓದಬಹುದಾಗಿತ್ತು. ಓಲೆಯನ್ನು ಬರೆಸಿದವನ ಮನೆತನ ಅಳಿದೊಡನೆ ಲಿಪಿಯೂ ಅಳಿಯುತ್ತಿದ್ದರೆ ನಮ್ಮ ಪ್ರಾಚೀನ ವಾಙ್ಮಯದ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಂಡರೆ, ಧ್ವನಿಮಾದರಿಗಳ ಇಂದಿನ ಸ್ಥಿತಿ ಅರ್ಥವಾಗುತ್ತದೆ.

ವಿಷಯದ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವುದು ಸಾಕು. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿಯೊಂದು ಮನೆಯ ಕೆಳಗೂ ಸುಮಾರು 8 ಸೆಕೆಂಡು ನುಡಿಯುವ ಟೇಪಿನ ತುಂಡೊಂದು ಇರುತ್ತಿತ್ತು. ಟೇಪಿನ ಬದಲು ಅಂಕೆಗಳಲ್ಲಿ ಧ್ವನಿಯನ್ನು ಹಿಡಿದಿಡುವ ಯಂತ್ರಗಳಲ್ಲಿ 1979ರ ಆಸ್ಟ್ರೇಲಿಯದ ಫೇರ್‌ಲೈಟ್ ಪ್ರಸಿದ್ಧವಾದುದು. 1981ರಲ್ಲಿ ಅಮೆರಿಕದ ಈಮು ಕಂಪೆನಿಯ ಎಮ್ಯುಲೇಟರ್ ಬಂದಿತು. 1983ರಲ್ಲಿ ಮಿಡಿ ಎಂಬ ಸಾಮಾನ್ಯ ಸಂಕೇತಕ್ರಮವು ನೆಲೆಗೊಂಡು, ಒಬ್ಬರ ಕೀಬೋರ್ಡಿನಿಂದ ಮತ್ತೊಬ್ಬರ ಯಂತ್ರವನ್ನು ನುಡಿಸುವುದು ಸಾಧ್ಯವಾಯಿತು. ಜಪಾನಿನ ಅಕಾಯ್ ಕಂಪೆನಿಯ ಎಸ್900 (1986) ಮತ್ತು ಎಸ್1000 (1988) ಯಂತ್ರಗಳು ಸ್ಟುಡಿಯೋಗಳಲ್ಲಿ ಮನೆಮಾತಾದುವು. ಆ ಬಳಿಕ ಯಂತ್ರದ ಕೆಲಸವನ್ನೆಲ್ಲ ಕಂಪ್ಯೂಟರೇ ವಹಿಸಿಕೊಂಡಿತು: 1998ರಲ್ಲಿ ಗಿಗಾಸ್ಯಾಂಪ್ಲರ್, 2000ದಲ್ಲಿ ಇಎಕ್ಸ್‌ಎಸ್24, 2002ರಲ್ಲಿ ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ಕಾಂಟ್ಯಾಕ್ಟ್. ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ಫೈಲು, ತನ್ನದೇ ಕ್ರಮ. ಮಿಡಿಯ ವಿಷಯದಲ್ಲಿ ಒಂದಾದ ತಯಾರಕರು ಮಾದರಿಗಳನ್ನು ಇಡುವ ವಿಷಯದಲ್ಲಿ ಒಂದಾಗಲಿಲ್ಲ.

ಮಾದರಿವಾದ್ಯವೊಂದರಲ್ಲಿ ಮೂರು ಪದರಗಳಿವೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ತಳದಲ್ಲಿರುವುದು ಧ್ವನಿ, ಅಂದರೆ ಸೆಕೆಂಡಿಗೆ 44,100 ಸಲವೋ 48,000 ಸಲವೋ ಅಳೆದು ಬರೆದ ಅಂಕೆಗಳ ಸಾಲು. ಅದರ ಮೇಲಿನದು ನಕ್ಷೆ: ಯಾವ ಮಾದರಿಯು ಯಾವ ಮನೆಯಿಂದ ಯಾವ ಮನೆಯವರೆಗೆ ನುಡಿಯಬೇಕು, ಮೆಲ್ಲಗೆ ಒತ್ತಿದಾಗ ಯಾವುದು, ಬಲವಾಗಿ ಒತ್ತಿದಾಗ ಯಾವುದು, ಮನೆಯನ್ನು ಒತ್ತಿಯೇ ಹಿಡಿದಾಗ ಮಾದರಿಯ ಯಾವ ಭಾಗವು ಮರಳಿ ಮರಳಿ ಸುತ್ತಬೇಕು ಎಂಬ ವಿವರ. ಎಲ್ಲಕ್ಕೂ ಮೇಲಿನದು ನಡವಳಿಕೆ: ಸೋಸುವಿಕೆ, ಪ್ರತಿಧ್ವನಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಬಗೆ, ಇವನ್ನೆಲ್ಲ ನಿರ್ದೇಶಿಸುವ ಚಿಕ್ಕ ಚಿಕ್ಕ ಪ್ರೋಗ್ರಾಮುಗಳು. ಪರಿವರ್ತನೆ ಎಂಬ ಒಂದೇ ಮಾತಿನಿಂದ ಈ ಮೂರನ್ನೂ ಕರೆಯುವುದರಿಂದಲೇ ಬಹಳ ಗೊಂದಲ ಹುಟ್ಟಿದೆ. ಮೊದಲನೆಯ ಪದರವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಾಗಿಸಬಹುದು. ಎರಡನೆಯದನ್ನು ಬಹುಮಟ್ಟಿಗೆ ಸಾಗಿಸಬಹುದು. ಮೂರನೆಯದು ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತದೆ. ಅದನ್ನು ಹೊಸ ಮನೆಯಲ್ಲಿ ಹೊಸದಾಗಿಯೇ ಕಟ್ಟಬೇಕು.

ಶಾಸನಗಳ ಕೆಲಸ ಮಾಡಿದವರಿಗೆ ಈ ಭೇದ ಹೊಸದೇನಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದವನ್ನೊತ್ತಿ ತೆಗೆದ ಅಚ್ಚು ಬೇರೆ, ಆ ಶಾಸನ ನಿಂತಿದ್ದ ಸ್ಥಳದ ವಿವರ ಬೇರೆ, ಅದು ಊರಿನ ಬಾಳಿನಲ್ಲಿ ಹೇಗೆ ನಡೆಯುತ್ತಿತ್ತೆಂಬುದು ಮತ್ತೂ ಬೇರೆ. ಅಚ್ಚು ಮಾತ್ರ ಉಳಿದು ಸ್ಥಳದ ಗುರುತು ಕಳೆದುಹೋದ ಶಾಸನದಿಂದ ಅರ್ಧ ಪ್ರಯೋಜನವೂ ಇಲ್ಲ. ಹಾಗೆಯೇ, ಸಾವಿರ ವೇವ್ ಫೈಲುಗಳನ್ನು ಹೊರತೆಗೆದು ನಕ್ಷೆಯನ್ನು ಬಿಟ್ಟುಬಂದವನು ವಾದ್ಯವನ್ನು ಉಳಿಸಿದನೆಂದು ಹೇಳಲಾಗದು.

ಧ್ವನಿಗೆ ಮುಕ್ತ ರೂಪಗಳು ಹಲವಿವೆ. 1988ರಲ್ಲಿ ಆಪಲ್ ಕಂಪೆನಿ ಎಐಎಫ್‌ಎಫ್ ಎಂಬುದನ್ನೂ, 1991ರಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳು ವೇವ್ ಎಂಬುದನ್ನೂ ಪ್ರಕಟಿಸಿದುವು. ಇವು ಕಂಪೆನಿಗಳಿಂದ ಹುಟ್ಟಿದುವಾದರೂ ಇವುಗಳ ರಚನೆ ಬಹಿರಂಗವಾದುದು. ಯಾರು ಬೇಕಾದರೂ ಓದಬಹುದು, ಬರೆಯಬಹುದು. ಫ್ಲ್ಯಾಕ್ ಎಂಬುದು ಈ ಶತಮಾನದ ಆರಂಭದಲ್ಲಿ ಬಂದ ನಷ್ಟರಹಿತ ಸಂಕೋಚನ. ಅದು ಧ್ವನಿಯನ್ನು ಕಡಿಮೆ ಜಾಗದಲ್ಲಿ ಮಡಿಸಿಡುತ್ತದೆ, ಬಿಚ್ಚಿದಾಗ ಮೊದಲಿನ ಅಂಕೆಗಳೇ ದೊರೆಯುತ್ತವೆ. 2024ರ ಡಿಸೆಂಬರಿನಲ್ಲಿ ಅದರ ನಿರೂಪಣೆಯು ಇಂಟರ್ನೆಟ್ಟಿನ ಮಾನದಂಡ ಪತ್ರಗಳ ಸಾಲಿನಲ್ಲಿ 9639ನೆಯದಾಗಿ ಪ್ರಕಟವಾಯಿತು. ಇನ್ನು ಎಂಪಿ3 ರೂಪವನ್ನು ಈ ಕೆಲಸಕ್ಕೆ ಬಳಸಲೇಕೂಡದು. ಅದು ಧ್ವನಿಯ ಅಂಶಗಳನ್ನು ಕಳೆಯುವುದಷ್ಟೇ ಅಲ್ಲ, ಮಾದರಿಯ ಮೊದಲಿಗೆ ಒಂದಿಷ್ಟು ಮೌನವನ್ನು ಸೇರಿಸುತ್ತದೆ; ಸುತ್ತಿನ ಸ್ಥಾನಗಳೆಲ್ಲ ಅದರಿಂದ ಪಲ್ಲಟವಾಗುತ್ತವೆ.

ನಕ್ಷೆಗೆ ಸಂಬಂಧಿಸಿದ ಮುಕ್ತ ರೂಪಗಳಲ್ಲಿ ಎರಡು ಮುಖ್ಯವಾದುವು. ಈಮು ಮತ್ತು ಕ್ರಿಯೇಟಿವ್ ಕಂಪೆನಿಗಳು ತಂದ ಸೌಂಡ್‌ಫಾಂಟ್ ಎಂಬುದು 1994ರ ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ32 ಕಾರ್ಡಿನೊಡನೆ ಬಳಕೆಗೆ ಬಂದಿತು; ಅದರ ಎರಡನೆಯ ಆವೃತ್ತಿಯ ನಿರೂಪಣೆ ಪ್ರಕಟವಾಗಿದೆ. ಅದರಲ್ಲಿ ಧ್ವನಿಯೂ ನಕ್ಷೆಯೂ ಒಂದೇ ಫೈಲಿನಲ್ಲಿರುತ್ತವೆ. ಮತ್ತೊಂದು, ಆರ್‌ಜಿಸಿ ಆಡಿಯೊ ಎಂಬ ಚಿಕ್ಕ ಸಂಸ್ಥೆ ಹೊರತಂದ ಎಸ್‌ಎಫ್‌ಜೆಡ್. ಇದು ಬರಿಯ ಅಕ್ಷರಗಳ ಫೈಲು. ಇಂಥ ಧ್ವನಿಫೈಲು, ಇಂಥ ಮನೆಯಿಂದ ಇಂಥ ಮನೆಯವರೆಗೆ, ಇಂಥ ಬಲದಿಂದ ಇಂಥ ಬಲದವರೆಗೆ ಎಂದು ಸಾಲುಸಾಲಾಗಿ ಬರೆದಿರುತ್ತದೆ. ಸಾಮಾನ್ಯ ಬರೆವಣಿಗೆಯ ಸಾಫ್ಟ್‌ವೇರಿನಲ್ಲಿ ತೆರೆದು ಕಣ್ಣಿನಿಂದಲೇ ಓದಿ ತಿದ್ದಬಹುದು. ಆರ್‌ಜಿಸಿ ಆಡಿಯೊವನ್ನು ಕೇಕ್‌ವಾಕ್ ಕಂಪೆನಿ ಕೊಂಡಿತು. ಕೇಕ್‌ವಾಕಿನ ಒಡೆತನ ಮುಂದೆ ಗಿಬ್ಸನ್ನಿಗೆ ಹೋಗಿ, 2017ರಲ್ಲಿ ಗಿಬ್ಸನ್ ಅದರ ಕೆಲಸವನ್ನು ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಎತ್ತಿಕೊಂಡಿತು. ಇಷ್ಟು ಕೈ ಬದಲಾದರೂ ಎಸ್‌ಎಫ್‌ಜೆಡ್ ಫೈಲುಗಳಿಗೆ ಯಾವ ಕೇಡೂ ಆಗಲಿಲ್ಲ. ಕಾರಣ, ಅವುಗಳ ಅರ್ಥವು ಯಾರ ಪೆಟ್ಟಿಗೆಯಲ್ಲೂ ಬೀಗದೊಳಗಿರಲಿಲ್ಲ. ದೀರ್ಘಕಾಲದ ಸಂರಕ್ಷಣೆಗೆ ಫ್ಲ್ಯಾಕ್ ಅಥವಾ ವೇವ್ ಧ್ವನಿಯೊಡನೆ ಎಸ್‌ಎಫ್‌ಜೆಡ್ ನಕ್ಷೆಯೇ ಮೇಲೆಂಬುದು ನಮ್ಮ ಅಭಿಪ್ರಾಯ. ಸೌಂಡ್‌ಫಾಂಟಿನಲ್ಲಿ ಸೌಕರ್ಯ ಹೆಚ್ಚು; ಆದರೆ ಒಂದೇ ಫೈಲು ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಈಗ ಕೆಲವು ಉದಾಹರಣೆಗಳನ್ನು ನೋಡೋಣ. ಅಕಾಯ್ ಎಸ್1000ಕ್ಕೆಂದು ತಯಾರಾದ ಸಿಡಿಯನ್ನು ಇಂದಿನ ಕಂಪ್ಯೂಟರಿನಲ್ಲಿ ಹಾಕಿದರೆ ಅದರಲ್ಲಿ ಏನೂ ಇಲ್ಲವೆಂದೋ, ಅದು ಹಾಳಾಗಿದೆಯೆಂದೋ ಸೂಚನೆ ಬರುತ್ತದೆ. ಡಿಸ್ಕು ಹಾಳಾಗಿರುವುದಿಲ್ಲ, ಸಾಮಾನ್ಯ ಸಿಡಿಗಳ ವ್ಯವಸ್ಥೆಯನ್ನು ಬಿಟ್ಟು ಅಕಾಯ್ ತನ್ನ ಸ್ವಂತ ವಿಭಾಗಕ್ರಮವನ್ನು ಅದರಲ್ಲಿ ಬಳಸಿರುವುದೇ ಕಾರಣ. ಹೆಸರುಗಳೂ ವಿಲಕ್ಷಣ. ಒಂದೊಂದು ಹೆಸರಿಗೂ 12 ಅಕ್ಷರಗಳ ಸ್ಥಳ; ಆದರೆ ಲೋಕವೆಲ್ಲ ಬಳಸುವ ಅಕ್ಷರಸಂಕೇತವಲ್ಲ. 0ಯಿಂದ 9ರವರೆಗೆ ಅಂಕಿಗಳು, 10 ಎಂದರೆ ಖಾಲಿ ಸ್ಥಳ, 11ರಿಂದ ಮುಂದೆ ರೋಮನ್ ಅಕ್ಷರಮಾಲೆ. ಈ ಕೀಲಕವನ್ನು ತಿಳಿಯದೆ ತೆರೆದವನಿಗೆ ಹೆಸರಿನ ಬದಲು ಕಸ ಕಾಣುತ್ತದೆ. ತಿಳಿದವನಿಗೆ ಕೆಲಸ ಸುಲಭ: ಮೊದಲು ಇಡೀ ಡಿಸ್ಕಿನ ಯಥಾಪ್ರತಿಯೊಂದನ್ನು ತೆಗೆದು, ಬಳಿಕ ಲಿನಕ್ಸ್‌ಸ್ಯಾಂಪ್ಲರ್ ಯೋಜನೆಯವರು ಮುಕ್ತವಾಗಿ ಹಂಚುವ ಲಿಬ್‌ಗಿಗ್ ಎಂಬ ಉಪಕರಣಸಮೂಹದಿಂದ ಮಾದರಿಗಳನ್ನು ಬಿಡಿಸಿಕೊಳ್ಳಬಹುದು. ಇನ್ನೂ ಹಳೆಯದಾದ ಎಸ್900ದ ಮಾದರಿಗಳು 12 ಬಿಟ್ಟಿನವು. ಅವನ್ನು 16 ಬಿಟ್ಟಿನ ವೇವ್ ಫೈಲಿನಲ್ಲಿ ಸೊನ್ನೆ ತುಂಬಿ ಇಟ್ಟರೆ ಯಾವ ನಷ್ಟವೂ ಇಲ್ಲ. ಆ ಯಂತ್ರದಲ್ಲಿ ಧ್ವನಿಯನ್ನು ಅಳೆಯುವ ವೇಗವನ್ನು ಬಳಕೆದಾರನೇ ಗೊತ್ತುಮಾಡಬಹುದಾಗಿತ್ತಾದುದರಿಂದ ವಿಚಿತ್ರವಾದ ಸಂಖ್ಯೆಗಳು ಸಿಗುತ್ತವೆ. ವೇವ್ ಫೈಲಿನ ತಲೆಬರಹದಲ್ಲಿ ಯಾವ ಸಂಖ್ಯೆಯನ್ನಾದರೂ ಬರೆಯಬಹುದು. ಇದನ್ನು ಮರೆತು ಎಲ್ಲವನ್ನೂ 44,100ಕ್ಕೆ ಎಳೆದು ಕೂರಿಸುವ ಪರಿವರ್ತಕಗಳನ್ನು ದೂರವಿಡುವುದು ಲೇಸು. ಪ್ರತಿಕಾರನು ಮೂಲದ ಕಾಗುಣಿತವನ್ನು ತನಗೆ ಶುದ್ಧವೆಂದು ತೋರಿದಂತೆ ತಿದ್ದುತ್ತ ಹೋದಂತೆಯೇ ಅದು.

ಗಿಗಾಸ್ಯಾಂಪ್ಲರಿನ ಕಥೆ ಹೆಚ್ಚು ಬೋಧಪ್ರದವಾದುದು. ಅಮೆರಿಕದ ನೆಮೆಸಿಸ್ ಎಂಬ ಸಂಸ್ಥೆಯವರು 1998ರಲ್ಲಿ ಮಾದರಿಯ ಆರಂಭದ ತುಣುಕನ್ನು ಮಾತ್ರ ಸ್ಮರಣಕೋಶದಲ್ಲಿಟ್ಟು, ಉಳಿದುದನ್ನು ನುಡಿಯುತ್ತಿರುವಾಗಲೇ ಹಾರ್ಡ್ ಡಿಸ್ಕಿನಿಂದ ಓದುವ ಉಪಾಯವನ್ನು ಬಳಕೆಗೆ ತಂದರು. ಅದುವರೆಗೆ ಕೆಲವು ಮೆಗಾಬೈಟುಗಳಲ್ಲಿ ಇರುಕಿಸಬೇಕಾಗಿದ್ದ ಪಿಯಾನೋ ಈಗ ಗಿಗಾಬೈಟಿನಷ್ಟು ವಿಸ್ತಾರವಾಗಬಹುದಾಯಿತು. 2001ರಲ್ಲಿ ಇದು ಟ್ಯಾಸ್ಕಾಮ್ ಕಂಪೆನಿಯ ಕೈಸೇರಿತು. ವಾದ್ಯವೃಂದಗಳ ದೊಡ್ಡ ದೊಡ್ಡ ಸಂಗ್ರಹಗಳು ಈ ರೂಪದಲ್ಲಿಯೇ ಹೊರಟುವು. 2008ರಲ್ಲಿ ಟ್ಯಾಸ್ಕಾಮ್ ಇದನ್ನು ಕೈಬಿಟ್ಟಿತು. ಮರುವರ್ಷ ಗ್ಯಾರಿಟನ್ ಎಂಬ ಸಂಸ್ಥೆ ಅದರ ತಂತ್ರವನ್ನು ಕೊಂಡಿತು. ಹತ್ತೇ ವರ್ಷಗಳಲ್ಲಿ ಒಂದು ಪರಂಪರೆ ಹುಟ್ಟಿ, ಬೆಳೆದು, ಒಡೆಯನಿಲ್ಲದಂತಾಯಿತು. ಆ ಸಂಗ್ರಹಗಳು ಪೂರಾ ನಾಶವಾಗದಿರುವುದಕ್ಕೆ, ಗಿಗ್ ಫೈಲಿನ ಹೊರಮೈ ಬಹಿರಂಗವಾದ ರಿಫ್ ಎಂಬ ಕ್ರಮವನ್ನೇ ಅನುಸರಿಸಿದ್ದುದು ಒಂದು ಕಾರಣ. ಅದರ ಒಳಗಿನ ಗುಟ್ಟಿನ ಭಾಗಗಳನ್ನು ಲಿಬ್‌ಗಿಗ್ ರಚಿಸಿದವರು ತಾಳ್ಮೆಯಿಂದ ಬಿಡಿಸಿದ್ದುದು ಇನ್ನೊಂದು. ಧ್ವನಿಗಳು ಸಂಪೂರ್ಣವಾಗಿ ಹೊರಬರುತ್ತವೆ. ನಕ್ಷೆಯ ವಿಷಯದಲ್ಲಿ ಮಾತ್ರ ತೊಡಕುಂಟು. ಗಿಗ್ ಫೈಲಿನ ಮೂರನೆಯ ಆವೃತ್ತಿಯಲ್ಲಿ ಒಂದೇ ಮನೆಯ ಕೆಳಗೆ ಬಲ, ಪೆಡಲು, ಆಯ್ಕೆಯ ಮನೆ ಮುಂತಾದ ಎಂಟು ಆಯಾಮಗಳನ್ನು ಹೂಡಿ 256 ವಿಭಾಗಗಳವರೆಗೆ ಮಾಡಬಹುದು. ಸೌಂಡ್‌ಫಾಂಟಿನಲ್ಲಿ ಇಷ್ಟು ಆಯಾಮಗಳಿಗೆ ಎಡೆಯಿಲ್ಲ. ಆದ್ದರಿಂದ ಸೌಂಡ್‌ಫಾಂಟಿಗೆ ತಂದ ಗಿಗಾ ಪಿಟೀಲಿನಲ್ಲಿ ಕಮಾನಿನ ಒಂದು ಬಗೆ ಉಳಿದು ಮಿಕ್ಕವು ಬೇರೆ ಬೇರೆ ವಾದ್ಯಗಳಾಗಿ ಒಡೆದುಹೋಗುತ್ತವೆ.

ಪರಿವರ್ತನೆಯಲ್ಲಿ ಕೆಡುವುದು ಬಹುಮಟ್ಟಿಗೆ ಇಂಥ ದೊಡ್ಡ ವಿಷಯಗಳಲ್ಲಲ್ಲ, ಒಂದು ಅಂಕಿಯ ವ್ಯತ್ಯಾಸದಲ್ಲಿ. ಸುತ್ತಿನ ಕೊನೆಯನ್ನು ತೆಗೆದುಕೊಳ್ಳೋಣ. ವೇವ್ ಫೈಲಿನ ಕ್ರಮದಲ್ಲಿ ಸುತ್ತಿನ ಕೊನೆ ಎಂದರೆ ನುಡಿಯಬೇಕಾದ ಕೊನೆಯ ಅಂಕೆ. ಸೌಂಡ್‌ಫಾಂಟಿನಲ್ಲಿ ಸುತ್ತಿನ ಕೊನೆ ಎಂದರೆ ಸುತ್ತು ಮುಗಿದ ಬಳಿಕ ಬರುವ ಮೊದಲ ಅಂಕೆ. ಶಕವರ್ಷವನ್ನು ಕೆಲವು ಶಾಸನಗಳು ಗತವರ್ಷವಾಗಿಯೂ ಕೆಲವು ವರ್ತಮಾನವರ್ಷವಾಗಿಯೂ ಎಣಿಸುವುದನ್ನು ನಾವೆಲ್ಲ ಬಲ್ಲೆವು. ಅದನ್ನು ಗಮನಿಸದೆ ಕ್ರಿಸ್ತಶಕಕ್ಕೆ ತಿರುಗಿಸಿದರೆ ಒಂದು ವರ್ಷ ತಪ್ಪುತ್ತದೆ. ಇಲ್ಲಿಯೂ ಅದೇ ತಪ್ಪು, ಆದರೆ ಅದು ಕಿವಿಗೆ ಕೇಳುತ್ತದೆ. ಸೆಕೆಂಡಿಗೆ 44,100 ಅಂಕೆಗಳಿರುವ ಮಾದರಿಯಲ್ಲಿ 100 ಅಂಕೆಗಳ ಚಿಕ್ಕ ಸುತ್ತೊಂದು ಸೆಕೆಂಡಿಗೆ 441 ಬಾರಿ ಸುತ್ತುತ್ತದೆ. ತಪ್ಪಿನಿಂದ ಅದು 101 ಆದರೆ ಸುತ್ತುವುದು ಸುಮಾರು 436.6 ಬಾರಿ. ಅರ್ಧಸ್ವರವನ್ನು 100 ಸೆಂಟುಗಳೆಂದು ಭಾಗಿಸಿದರೆ ಈ ವ್ಯತ್ಯಾಸ 17 ಸೆಂಟಿಗೂ ತುಸು ಹೆಚ್ಚು. ಸ್ವರ ಆರಂಭವಾಗುವಾಗ ಶ್ರುತಿಯಲ್ಲಿದ್ದು, ಸುತ್ತಿಗೆ ಬಿದ್ದೊಡನೆ ಇಳಿಯುತ್ತದೆ. ತಂಬೂರಿಯ ಮುಂದೆ ಕುಳಿತವನಿಗೆ ಇದನ್ನು ಸಹಿಸುವುದು ಅಸಾಧ್ಯ.

ಶ್ರುತಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ನಕ್ಷೆಯಲ್ಲಿ ಪ್ರತಿ ಮಾದರಿಗೂ ಒಂದು ಸೂಕ್ಷ್ಮ ಶ್ರುತಿಯ ಬೆಲೆ ಇರಬಹುದು; ಸೌಂಡ್‌ಫಾಂಟ್, ಎಸ್‌ಎಫ್‌ಜೆಡ್ ಎರಡರಲ್ಲಿಯೂ ಅದನ್ನು ಸೆಂಟುಗಳಲ್ಲಿ ಬರೆಯುತ್ತಾರೆ. ಪಾಶ್ಚಾತ್ಯ ಪಿಯಾನೋಗೆ ಇದು ಅಲ್ಪ ವಿಷಯ. ಆದರೆ ನಮ್ಮ ಸಂಗೀತದ ವಾದ್ಯಗಳಲ್ಲಿ ಹಾಗಲ್ಲ. ಷಡ್ಜಕ್ಕೆ 5:4ರ ಪ್ರಮಾಣದಲ್ಲಿ ನಿಲ್ಲುವ ಅಂತರ ಗಾಂಧಾರವು 386 ಸೆಂಟುಗಳಲ್ಲಿದೆ. ಕೀಬೋರ್ಡಿನ ಸಮಭಾಗದ ಗಾಂಧಾರ 400ರಲ್ಲಿ. ಮಾದರಿಯನ್ನು ತಯಾರಿಸಿದವನು ಇದನ್ನು ನಕ್ಷೆಯಲ್ಲಿ ಸರಿಪಡಿಸಿಟ್ಟಿದ್ದು, ಪರಿವರ್ತಕವು ಆ ಬೆಲೆಯನ್ನು ಕೈಬಿಟ್ಟರೆ, ಉಳಿಯುವುದು ಹಾರ್ಮೋನಿಯಂ ಶ್ರುತಿಯ ವೀಣೆ. ಮುಂದೆ ಇದನ್ನು ಆಕರವೆಂದು ನಂಬಿದ ಸಂಶೋಧಕನು, 1990ರ ದಶಕದ ವೀಣೆಯ ಮಾದರಿಗಳೆಲ್ಲ ಸಮಭಾಗದ ಶ್ರುತಿಯಲ್ಲಿದ್ದುವೆಂದು ಬರೆದಾನು!

ಮಧ್ಯಸ್ಥಾಯಿಯ ಸಿ ಸ್ವರಕ್ಕೆ ಮಿಡಿಯಲ್ಲಿ 60 ಎಂಬ ಸಂಖ್ಯೆ ನಿಶ್ಚಿತ. ಆದರೆ ಅದರ ಹೆಸರಿನಲ್ಲಿ ಒಮ್ಮತವಿಲ್ಲ. ಕೆಲವರು ಸಿ3 ಎನ್ನುತ್ತಾರೆ, ಕೆಲವರು ಸಿ4 ಎನ್ನುತ್ತಾರೆ. ಆದಕಾರಣ ಫೈಲುಗಳ ಹೆಸರಿನಲ್ಲಿ ಸ್ವರದ ಹೆಸರಿಗಿಂತ ಸಂಖ್ಯೆಯನ್ನು ಬರೆಯುವುದೇ ಕ್ಷೇಮ. ಇಲ್ಲದಿದ್ದರೆ ಇಡೀ ವಾದ್ಯವು ಒಂದು ಸ್ಥಾಯಿ ಮೇಲಕ್ಕೋ ಕೆಳಕ್ಕೋ ಕುಳಿತೀತು.

ಕಾಂಟ್ಯಾಕ್ಟ್ ಫೈಲುಗಳ ವಿಷಯಕ್ಕೆ ಬರೋಣ. ಇಂದು ಬಹುಜನರು ಕೇಳುವುದು ಇದನ್ನೇ. ಎನ್‌ಕೆಐ ಎಂಬುದು ಅದರ ನಕ್ಷೆಯ ಫೈಲು. ಧ್ವನಿಯು ಹಳೆಯ ಸಂಗ್ರಹಗಳಲ್ಲಿ ಎಷ್ಟೋ ವೇಳೆ ಪಕ್ಕದಲ್ಲಿಯೇ ಸಾಧಾರಣ ವೇವ್ ಫೈಲುಗಳಾಗಿ ಕುಳಿತಿರುತ್ತದೆ. ಆಗ ಪರಿವರ್ತನೆಯ ಪ್ರಶ್ನೆಯೇ ಇಲ್ಲ, ನಕಲು ಮಾಡಿಕೊಂಡರಾಯಿತು. ಈಚಿನ ಸಂಗ್ರಹಗಳಲ್ಲಿ ಎನ್‌ಸಿಡಬ್ಲ್ಯು ಎಂಬ ಕಂಪೆನಿಯ ಸ್ವಂತ ಸಂಕೋಚನವಿದೆ. ಅದೂ ನಷ್ಟರಹಿತವೇ, ಕನ್ವರ್ಟ್‌ವಿತ್‌ಮಾಸ್ ಎಂಬ ಮುಕ್ತ ಸಾಫ್ಟ್‌ವೇರು ಅದನ್ನು ಬಿಡಿಸಿ, ನಕ್ಷೆಯನ್ನು ಎಸ್‌ಎಫ್‌ಜೆಡ್ ಮುಂತಾದ ರೂಪಗಳಿಗೆ ಬರೆಯಬಲ್ಲುದು. ಆದರೆ ಬೀಗ ಹಾಕಿದ ಸಂಗ್ರಹಗಳನ್ನು ಅದು ಮುಟ್ಟುವುದಿಲ್ಲ. ಬೀಗ ಹಾಕಿರುವಲ್ಲಿ ಜನರು ಹಿಡಿಯುವ ಇನ್ನೊಂದು ದಾರಿಯಿದೆ: ವಾದ್ಯವನ್ನು ಒಂದೊಂದೇ ಸ್ವರವಾಗಿ ನುಡಿಸಿ ಮರಳಿ ಮುದ್ರಿಸಿಕೊಳ್ಳುವುದು. 88 ಮನೆಗಳನ್ನು ನಾಲ್ಕು ನಾಲ್ಕು ಬಲಗಳಲ್ಲಿ, ಸ್ವರಕ್ಕೆ 10 ಸೆಕೆಂಡಿನಂತೆ ನುಡಿಸಿದರೆ 3,520 ಸೆಕೆಂಡುಗಳು, ಅಂದರೆ ಒಂದು ಗಂಟೆಗೆ ಸ್ವಲ್ಪ ಕಡಿಮೆ. 24 ಬಿಟ್, 48,000 ವೇಗ, ಎರಡು ವಾಹಿನಿಗಳ ಲೆಕ್ಕದಲ್ಲಿ ಸುಮಾರು ಒಂದು ಗಿಗಾಬೈಟು. ಕೆಲಸ ಕಷ್ಟವಲ್ಲ. ಆದರೆ ಹೀಗೆ ದೊರೆತುದು ಮೂಲವಲ್ಲ, ಮೂಲದ ಒಂದು ಪ್ರಯೋಗದ ದಾಖಲೆ. ಪ್ರತಿಧ್ವನಿಯೂ ಸೋಸುವಿಕೆಯೂ ಧ್ವನಿಯೊಳಗೇ ಬೆರೆತುಹೋಗಿರುತ್ತವೆ. ಅಲ್ಲದೆ ಇಂಥ ಮರುಮುದ್ರಣವನ್ನು ಎಷ್ಟೋ ಸಂಗ್ರಹಗಳ ಪರವಾನೆಗಳು ನಿಷೇಧಿಸುತ್ತವೆ.

ಕಾನೂನಿನ ಮಾತನ್ನು ತಪ್ಪಿಸಿಕೊಳ್ಳುವಂತಿಲ್ಲ. ಧ್ವನಿಮಾದರಿಗಳನ್ನು ಕೊಂಡವನು ಅವನ್ನು ಬಳಸುವ ಅನುಮತಿಯನ್ನು ಕೊಂಡಿರುತ್ತಾನೆಯೇ ಹೊರತು, ರೂಪ ಬದಲಾಯಿಸಿ ಹಂಚುವ ಹಕ್ಕನ್ನಲ್ಲ. ಮುಕ್ತ ರೂಪಕ್ಕೆ ತಂದ ಮಾತ್ರಕ್ಕೆ ಸಂಗ್ರಹವು ಮುಕ್ತವಾಗುವುದಿಲ್ಲ. ಅಮೆರಿಕದಲ್ಲಿ 1998ರ ಶಾಸನವು ಬೀಗ ಮುರಿಯುವುದನ್ನೇ ಅಪರಾಧವೆಂದೆಣಿಸಿತು. ನಮ್ಮ 1957ರ ಕೃತಿಸ್ವಾಮ್ಯ ಶಾಸನಕ್ಕೆ 2012ರಲ್ಲಿ ಸೇರಿದ 65ಎ ಪ್ರಕರಣವು ಇದಕ್ಕಿಂತ ಮೃದುವಾದುದು: ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆ ವಿಧಿಸುತ್ತದಾದರೂ, ಶಾಸನವು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದುದನ್ನು ತಡೆಯುವುದಿಲ್ಲ. ಆದರೆ ನಮಗೆ ಆಶ್ಚರ್ಯವನ್ನುಂಟುಮಾಡಿದುದು 52ನೆಯ ಪ್ರಕರಣ. ವಾಣಿಜ್ಯೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯೊಂದನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದೆಂದು ಅಲ್ಲಿ ಅನುಮತಿಯಿದೆ. ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯೊಂದು ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಓಲೆಗರಿ, ಮುದ್ರಿತ ಪುಸ್ತಕ, ಗ್ರಾಮಫೋನ್ ತಟ್ಟೆಗಳಿಗೆ ಇದು ಸಾಲುತ್ತದೆ. ಹುಟ್ಟಿನಿಂದಲೇ ಡಿಜಿಟಲ್ ಆದ ಧ್ವನಿಮಾದರಿಗೆ ಬೇರೆ ಬಗೆಯ ಪ್ರತಿ ಎಲ್ಲಿಂದ ಬರಬೇಕು? ಯಾವ ವಸ್ತುವು ಎಲ್ಲಕ್ಕಿಂತ ಬೇಗ ಅಳಿಯುವುದೋ ಅದಕ್ಕೇ ಈ ವಾಕ್ಯವು ಆಸರೆಯನ್ನು ನಿರಾಕರಿಸಿದಂತಾಗಿದೆ. ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಪಡೆದವನು ನಷ್ಟದ ಭಯದಿಂದ ಒಂದು ಪ್ರತಿಯನ್ನು ಮಾಡಿಟ್ಟುಕೊಳ್ಳಬಹುದೆಂದು ಅದೇ ಪ್ರಕರಣ ಹೇಳುತ್ತದೆ. ಧ್ವನಿಮಾದರಿಯು ಪ್ರೋಗ್ರಾಮೋ ಧ್ವನಿಮುದ್ರಣವೋ ಎಂಬುದು ವಿವಾದಾಸ್ಪದ. ಈ ವಾಕ್ಯವನ್ನು ತಿದ್ದುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಅದುವರೆಗೆ, ಸಂಗ್ರಹವನ್ನು ನೀಡುವ ಸಂಯೋಜಕರಿಂದಲೂ, ಸಾಧ್ಯವಿದ್ದಲ್ಲಿ ಸಂಗ್ರಹವನ್ನು ತಯಾರಿಸಿದವರಿಂದಲೂ ಲಿಖಿತ ಅನುಮತಿಯನ್ನು ಪಡೆಯುವುದೇ ವಿಭಾಗಗಳಿಗೆ ಉಳಿದಿರುವ ನೇರವಾದ ದಾರಿ.

ಪರಿವರ್ತನೆ ಮುಗಿದ ಮೇಲೆ ಪರೀಕ್ಷೆಯಾಗಬೇಕು. ಮೂಲದಿಂದ ಬಿಡಿಸಿದ ಧ್ವನಿಯನ್ನೂ ಪರಿವರ್ತಿತ ಧ್ವನಿಯನ್ನೂ ಒಂದರ ಕೆಳಗೊಂದು ಸರಿಯಾಗಿ ಜೋಡಿಸಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸಿದರೆ ಪೂರ್ಣ ಮೌನ ಉಳಿಯಬೇಕು. ಪಿಸುಮಾತಿನಷ್ಟು ಉಳಿದರೂ ಎಲ್ಲೋ ಅಂಕೆಗಳು ಬದಲಾಗಿವೆಯೆಂದು ತಿಳಿಯಬೇಕು. ಫ್ಲ್ಯಾಕ್ ಫೈಲು ತನ್ನೊಳಗಿನ ಧ್ವನಿಯ ಮೊಹರನ್ನು ತಾನೇ ಹೊತ್ತಿರುವುದರಿಂದ ಅದರ ಪರೀಕ್ಷೆ ಇನ್ನೂ ಸುಲಭ. ನಕ್ಷೆಯನ್ನು ಮಾತ್ರ ಕಿವಿಯಿಂದಲೇ ಪರೀಕ್ಷಿಸಬೇಕು: ಮೂಲಯಂತ್ರವೋ ಸಾಫ್ಟ್‌ವೇರೋ ನಡೆಯುತ್ತಿರುವಾಗಲೇ ಎರಡನ್ನೂ ಒಂದೇ ಮಿಡಿ ಫೈಲಿನಿಂದ ನುಡಿಸಿ ಹೋಲಿಸಿದರೆ ದೋಷಗಳು ಬಯಲಾಗುತ್ತವೆ. ಯಂತ್ರವು ನಿಂತುಹೋದ ಮೇಲೆ ಹೋಲಿಸಲು ಏನೂ ಇರುವುದಿಲ್ಲವಾದುದರಿಂದ ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.

ಪ್ರತಿಯೊಂದು ವಾದ್ಯದೊಡನೆಯೂ ಒಂದು ಸಾಧಾರಣ ಅಕ್ಷರಫೈಲಿನಲ್ಲಿ, ಮೂಲ ಡಿಸ್ಕು ಯಾವುದು, ಅದನ್ನು ಯಾವ ಉಪಕರಣದ ಯಾವ ಆವೃತ್ತಿಯಿಂದ ಎಂದು ಬಿಡಿಸಲಾಯಿತು, ಸುತ್ತಿನ ಕೊನೆಯನ್ನು ಯಾವ ರೀತಿಯಲ್ಲಿ ಎಣಿಸಲಾಯಿತು, ನಡವಳಿಕೆಯ ಪದರದಲ್ಲಿ ಏನೇನು ಬಿಟ್ಟುಹೋಯಿತು ಎಂಬುದನ್ನು ಬರೆದಿಡತಕ್ಕದ್ದು. ಮೂಲದ ಯಥಾಪ್ರತಿಯನ್ನು, ಇಂದು ಓದಲಾಗದಿದ್ದರೂ, ಅಳಿಸಕೂಡದು. ಡಿಸ್ಕಿನ ಮೇಲೆ ಸಂಯೋಜಕರು ಪೆನ್ನಿನಿಂದ ಏನಾದರೂ ಬರೆದಿದ್ದರೆ ಅದರ ಛಾಯಾಚಿತ್ರವನ್ನೂ ಜೊತೆಯಲ್ಲಿಡಬೇಕು. ಯಾವ ಚಿತ್ರದ ಯಾವ ಹಾಡಿಗೆ ಆ ಪಿಟೀಲು ಬಳಕೆಯಾಯಿತೆಂಬುದು ಎಷ್ಟೋ ವೇಳೆ ಆ ಗೀಚಿನಲ್ಲಿ ಮಾತ್ರ ಉಳಿದಿರುತ್ತದೆ.